ಸಪ್ಪೆ ಟಿಪ್ಪಣಿ

ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಲವತ್ತೊಂದು ದಿನ ಅಕ್ಕನ ಕೈಯೂಟ ಉಣ್ಣುವುದೆಂದರೆ ತಮಾಷೆಯಲ್ಲ. ಭೂಮಿಕಾ ಉಂಡಳು. ದಿನಾ ಮಧ್ಯಾಹ್ನ ಒಂದೂವರೆಗೆ ಮೈಸೂರಿನ ಸರಸ್ವತಿಪುರಂನಲ್ಲಿರುವ ಅಕ್ಕನ ಮೆಸ್ಸಿನ ಮುಂದೆ ಸ್ಕೂಟರ್ ನಿಲ್ಲಿಸಿ, ಕೈಕಾಲು ತೊಳೆದು, ಅಡಿಗೆಮನೆಯಲ್ಲೇ ಮಣೆ ಎಳೆದುಕೊಂಡು ಕೂತು ಉಂಡಳು. ಬಡಿಸುತ್ತಿದ್ದ ವಾರಿಜಕ್ಕನ ಎದೆ ಏರಿಳಿಯುವುದನ್ನು ಓರೆಗಣ್ಣಿನಲ್ಲಿ ನೋಡುತ್ತ ಉಂಡಳು. ಆ ಮಾತು ಮಾತ್ರ ನಾಲಿಗೆಯ ತುದಿಯವರೆಗೆ ಬರುತ್ತಿತ್ತು, ಮಜ್ಜಿಗೆಯ ಜೊತೆ ವಾಪಸ್ಸು ಒಳಗೆ ಹೋಗುತ್ತಿತ್ತು.

ವಾರಿಜಕ್ಕ ತಾನಾಗಿ ಉಸಿರಾಡುವವಳಲ್ಲ. ಏಳು ವರ್ಷದ ಹಿಂದೆ ನಂಜನಗೂಡು ರಸ್ತೆಯಲ್ಲಿ ಆದ ಅಪಘಾತದಲ್ಲಿ ಭಾವ ಅಲ್ಲೇ ಹೋದರು. ಅಕ್ಕ ಉಳಿದಳು, ಆದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿಗೆ ಉಸಿರೆಳೆ ಎಂದು ಹೇಳುವ ನರಗಳು ಸತ್ತುಹೋದವು. ಈಗ ಆ ಕೆಲಸ ಮಾಡುವುದು ಪಕ್ಕೆಲುಬಿನ ಕೆಳಗೆ ಕೂತಿರುವ ಬೆಂಕಿಪೊಟ್ಟಣದಷ್ಟು ದೊಡ್ಡ ಶ್ವಾಸಚಾಲಕ. ನಿಮಿಷಕ್ಕೆ ಹದಿನಾಲ್ಕು ಸಲ, ಮೆಟ್ಟಿಲು ಹತ್ತಿದರೆ ಇಪ್ಪತ್ತೆರಡು ಸಲ, ಅದು ವಪೆಗೆ ಚಿಟಿಕೆ ವಿದ್ಯುತ್ತು ಮುಟ್ಟಿಸುತ್ತದೆ. ಅಕ್ಕ ಅದಕ್ಕೆ ಬಾಡಿಗೆದಾರ ಅಂತ ಹೆಸರಿಟ್ಟಿದ್ದಳು. ಇವನನ್ನ ಖಾಲಿ ಮಾಡಿಸೋ ಹಾಗಿಲ್ಲ ಕಣ್ರೋ, ಇವನು ಹೋದ ದಿನ ಮನೇನೂ ಬಿತ್ತು ಅಂತಲೇ ಲೆಕ್ಕ ಎಂದು ಊಟಕ್ಕೆ ಬರುವ ಹಾಸ್ಟೆಲ್ ಹುಡುಗರ ಮುಂದೆ ನಗುತ್ತಿದ್ದಳು. ಚಾಲಕ ನಿಂತರೆ ಕತ್ತಿನ ಸ್ನಾಯುಗಳನ್ನೆಲ್ಲ ಬಿಗಿಹಿಡಿದು ಹತ್ತು ನಿಮಿಷ ಹೇಗೋ ಉಸಿರು ಎಳೆಯಬಹುದು. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ.

ಆ ಚಾಲಕದೊಳಗೆ ಒಂದು ಪುಟ್ಟ ಕಂಪ್ಯೂಟರು, ಆ ಕಂಪ್ಯೂಟರಿನ ತಳದಲ್ಲಿ ‘ಅಡಿಗಲ್ಲು’ ಎಂಬ ಕರ್ನಲ್. ಉಳಿದ ಪ್ರೋಗ್ರಾಮುಗಳೆಲ್ಲ ಏನು ಮಾಡಬೇಕಾದರೂ ಕರ್ನಲ್ಲನ್ನು ಕೇಳಿಯೇ ಮಾಡಬೇಕು. ಸಮಯ ಎಷ್ಟಾಯಿತು, ನೆನಪಿನಲ್ಲಿ ಜಾಗ ಎಲ್ಲಿದೆ, ರೇಡಿಯೋದಲ್ಲಿ ಯಾರು ಕೂಗಿದರು, ಎಲ್ಲ ಅದರ ಕೈಯಲ್ಲೇ. ಅಡಿಗಲ್ಲು ಯಾವ ಒಬ್ಬರ ಸ್ವತ್ತೂ ಅಲ್ಲ. ಹತ್ತಾರು ದೇಶದವರು ಕೂಡಿ ಬರೆದದ್ದು, ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಮೈಯೊಳಗೆ ಕೂರಿಸುವ ಯಂತ್ರಗಳಲ್ಲಿ ಮುಕ್ಕಾಲುಪಾಲು ಅದರ ಮೇಲೇ ನಿಂತಿದ್ದವು. ಅದರಲ್ಲಿ ಎಲ್ಲಾದರೂ ತೂತು ಕಂಡರೆ ಮುಚ್ಚುವುದಕ್ಕೆಂದೇ ಹನ್ನೊಂದು ಜನರ ಒಂದು ಕಾವಲು ತಂಡ ಇತ್ತು. ಭೂಮಿಕಾ ಆ ಹನ್ನೊಂದರಲ್ಲಿ ಒಬ್ಬಳು. ತಂಡದ ಕಚೇರಿ ಹೂಟಗಳ್ಳಿ ಕಡೆಯ ಒಂದು ಮೂರಂತಸ್ತಿನ ಕಟ್ಟಡದಲ್ಲಿ.

ಈ ಸಲದ ತೂತನ್ನು ಕಂಡುಹಿಡಿದವಳು ಎಲ್ಲೋ ದೂರದೇಶದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಸದ್ದಿಲ್ಲದೆ ಮೇಲ್ ಬರೆದು ತಿಳಿಸಿದ್ದಳು. ಸಂಗತಿ ಇಷ್ಟೇ. ಡಾಕ್ಟರ ಯಂತ್ರ ಹತ್ತಿರ ಬಂದಾಗ ಗುರುತು ಹಿಡಿಯಲೆಂದು ಶ್ವಾಸಚಾಲಕ ಸದಾ ಕಿವಿ ತೆರೆದುಕೊಂಡು ಕೂತಿರುತ್ತದೆ. ಬಂದವರು ಮೊದಲು ಒಂದು ನಮಸ್ಕಾರ ಹೇಳಬೇಕು, ಅದರ ಜೊತೆ ಅದು ಎಷ್ಟು ಉದ್ದ ಇದೆ ಅಂತಲೂ ಹೇಳಬೇಕು. ಅಡಿಗಲ್ಲು ಅಷ್ಟಕ್ಕೆ ಸರಿಯಾಗಿ ಪಾತ್ರೆ ಹಿಡಿಯುತ್ತದೆ. ಆದರೆ ಒಂದು ಸೇರು ಅಂತ ಹೇಳಿ ಎರಡು ಸೇರು ಸುರಿದರೆ? ಹೆಚ್ಚಿನದು ಪಕ್ಕದ ಡಬ್ಬಿಗೆ ಬೀಳುತ್ತದೆ. ಪಕ್ಕದ ಡಬ್ಬಿಯಲ್ಲಿ ಇದ್ದದ್ದು ನಿಮಿಷಕ್ಕೆ ಎಷ್ಟು ಸಲ ಉಸಿರು ಎನ್ನುವ ಲೆಕ್ಕ. ಅಳೆದು ನೋಡುವ ಒಂದೇ ಒಂದು ಸಾಲನ್ನು ಹದಿನಾರು ವರ್ಷದ ಹಿಂದೆ ಯಾರೋ ಬರೆಯಲು ಮರೆತಿದ್ದರು. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪರೀಕ್ಷೆಗೆ ಇಟ್ಟುಕೊಂಡಿದ್ದ ಒಂದು ಶ್ವಾಸಚಾಲಕದ ಮೇಲೆ ಭೂಮಿಕಾ ಅದನ್ನು ಮಾಡಿ ನೋಡಿದಳು. ಪರದೆಯ ಮೇಲೆ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ಎಂದು ಬರುತ್ತಿದ್ದದ್ದು ಒಂದು ನಮಸ್ಕಾರಕ್ಕೆ ಸೊನ್ನೆಯಾಯಿತು. ಚಾಲಕದ ಮೇಲಿದ್ದ ಮಾದರಿ ಸಂಖ್ಯೆ ಅವಳಿಗೆ ಬಾಯಿಪಾಠ. ಅಕ್ಕನ ಆಸ್ಪತ್ರೆ ಕಾರ್ಡಿನ ಮೇಲೆ ಏಳು ವರ್ಷದಿಂದ ನೋಡಿದ್ದು ಅದನ್ನೇ.

ತಂಡದ ಹಿರಿಯರು ಗಿಲ್ಬರ್ಟ್ ಸಿಕ್ವೇರಾ. ಮಂಗಳೂರಿನವರು, ಅರವತ್ತು ದಾಟಿದವರು, ಗುಟ್ಟು ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಪರೀಕ್ಷೆ ನೋಡಿದರು, ಭೂಮಿಕಾಳ ಮುಖ ನೋಡಿದರು. ಅಕ್ಕನ ವಿಷಯ ಅವರಿಗೆ ಗೊತ್ತಿತ್ತು. ಆದರೂ ಹೇಳಿದ್ದು ಎಂದಿನ ಎರಡೇ ಪದ: “ಸಪ್ಪೆ ಬರಿ.”

ತಂಡದ ಪದ್ಧತಿಯೇ ಅದು. ಅಡಿಗಲ್ಲು ಬಯಲಲ್ಲಿ ಇರುವುದರಿಂದ ತೂತು ಮುಚ್ಚುವುದೂ ಬಯಲಲ್ಲೇ ಆಗಬೇಕು. ಪ್ರತಿ ತಿದ್ದುಪಡಿಯ ಜೊತೆ ಏನು ಬದಲಾಯಿಸಿದೆವು, ಯಾಕೆ ಎಂದು ಟಿಪ್ಪಣಿ ಬರೆಯಬೇಕು. ಇಲ್ಲಿ ಪ್ರಾಣ ತೆಗೆಯುವ ತೂತಿತ್ತು ಎಂದು ಬರೆದರೆ, ತಿದ್ದುಪಡಿ ರೋಗಿಗಳ ಮೈ ಸೇರುವ ಮೊದಲೇ ಕಳ್ಳರು ಓದಿಕೊಂಡು ಹೊರಡುತ್ತಾರೆ. ಅದಕ್ಕೇ ಉಪ್ಪು ಖಾರ ಇಲ್ಲದ ಹಾಗೆ, ಓದಿದವರು ಆಕಳಿಸಿ ಮುಂದೆ ಹೋಗುವ ಹಾಗೆ ಬರೆಯುವುದು. ಅರವತ್ತು ದಿನ ಯಾರೂ ಬಾಯಿ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಎಲ್ಲ ಯಂತ್ರಗಳಿಗೂ ತಿದ್ದುಪಡಿ ಮುಟ್ಟಿರುತ್ತದೆ, ಆಮೇಲೆ ನಿಜ ಹೇಳುವುದು. ಸಪ್ಪೆ ಬರೆಯುವುದರಲ್ಲಿ ಭೂಮಿಕಾ ಎತ್ತಿದ ಕೈ. ಅವತ್ತು ಅವಳು ಬರೆದದ್ದು: ‘ಉದ್ದದ ಲೆಕ್ಕದ ಸಾಲುಗಳನ್ನು ಓರಣಗೊಳಿಸಲಾಗಿದೆ. ಸಣ್ಣಪುಟ್ಟ ಸುಧಾರಣೆ.’ ಗಿಲ್ಬರ್ಟ್ ಓದಿ ತಲೆಯಾಡಿಸಿದರು.

ಸ್ವಂತ ಅಕ್ಕನಿಗಾದರೂ ಹೇಳಬಹುದಿತ್ತಲ್ಲ ಅಂತ ಯಾರಿಗಾದರೂ ಅನಿಸೀತು. ಅವಳಿಗೂ ಅನಿಸಿತ್ತು, ದಿನಕ್ಕೆ ಹತ್ತು ಸಲ. ಆದರೆ ಆ ಚಾಲಕ ಇಟ್ಟುಕೊಂಡವರು ನಮ್ಮ ರಾಜ್ಯದಲ್ಲೇ ಹನ್ನೆರಡು ಸಾವಿರ ಜನ. ಅವರಲ್ಲಿ ಒಬ್ಬರಿಗೆ ಮಾತ್ರ ತಂಗಿ ಕಾವಲು ತಂಡದಲ್ಲಿದ್ದಾಳೆ ಎಂಬ ಕಾರಣಕ್ಕೆ ಗುಟ್ಟು ಸಿಕ್ಕಿದರೆ ಅದು ಯಾವ ನ್ಯಾಯ? ಅದೂ ಅಲ್ಲದೆ ವಾರಿಜಕ್ಕನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಚಾಲಕದವರದೇ ಒಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ಬೆಳಿಗ್ಗೆ ಶುಭೋದಯ ಹಾಕುವವಳೇ ಅವಳು. ಭೂಮಿಕಾ ಬಾಯಿ ಹೊಲಿದುಕೊಂಡು ಕೂತಳು.

ಹನ್ನೆರಡನೇ ದಿನ ತಯಾರಕ ಕಂಪನಿಯಿಂದ ಅಕ್ಕನ ಫೋನಿಗೆ ಸಂದೇಶ ಬಂತು. ಕಂಪನಿಯವರು ತಿದ್ದುಪಡಿಯನ್ನೇನೋ ತೆಗೆದುಕೊಂಡಿದ್ದರು, ಜೊತೆಗೆ ಟಿಪ್ಪಣಿಯನ್ನೂ ಹಾಗೆಯೇ ಎತ್ತಿಕೊಂಡಿದ್ದರು. ‘ನಿಮ್ಮ ಶ್ವಾಸಚಾಲಕಕ್ಕೆ ಸಣ್ಣಪುಟ್ಟ ಸುಧಾರಣೆ ಲಭ್ಯವಿದೆ. ಅನುಕೂಲವಾದಾಗ ಕ್ಲಿನಿಕ್ಕಿಗೆ ಬನ್ನಿ.’ ಮನೆಯಲ್ಲೇ ಕೂತು ಹಾಕಿಸಿಕೊಳ್ಳುವ ಹಾಗಿರಲಿಲ್ಲ. ಕ್ಲಿನಿಕ್ಕಿನಲ್ಲಿ ಪಕ್ಕೆಯ ಮೇಲೆ ಒಂದು ಬಳೆಯಂಥ ಯಂತ್ರ ಇಟ್ಟು ಎಂಟು ನಿಮಿಷ ಅಲ್ಲಾಡದೆ ಮಲಗಬೇಕು.

ಅಕ್ಕ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಫೋನನ್ನು ತಂಗಿಯ ಕಡೆ ತೋರಿಸಿ ಕೇಳಿದಳು: “ನೀನು ಇದೇ ಕೆಲಸದಲ್ಲಿ ಇದೀಯಲ್ಲ ಭೂಮಿ, ಅರ್ಜೆಂಟೇನೇ ಇದು?”

ಭೂಮಿಕಾಳ ಕೈಯಲ್ಲಿ ಮುದ್ದೆಯ ತುತ್ತಿತ್ತು. “ಅಂಥದ್ದೇನಿಲ್ಲ,” ಎಂದಳು. “ಆದ್ರೂ ಹೋಗ್ಬಾ.”

ಅಂಥದ್ದೇನಿಲ್ಲ ಎಂದ ಮೇಲೆ ಯಾರು ಹೋಗುತ್ತಾರೆ? ಪರೀಕ್ಷೆಯ ಸಮಯ, ಅರವತ್ತು ಹುಡುಗರ ಊಟ, ಇಬ್ಬರು ಅಡಿಗೆಯವರಲ್ಲಿ ಒಬ್ಬಳು ಬಾಣಂತನಕ್ಕೆ ಹೋಗಿದ್ದಳು. ಕ್ಲಿನಿಕ್ಕು ತೆರೆಯುತ್ತಿದ್ದದ್ದು ಮಂಗಳವಾರ, ಶುಕ್ರವಾರ. ಮುಂದಿನ ವಾರ ಹೋದರಾಯಿತು ಎಂದು ಅಕ್ಕ ಸಂದೇಶವನ್ನು ಮರೆತೇಬಿಟ್ಟಳು. ಭೂಮಿಕಾ ಬಿಡಲಿಲ್ಲ. ಇಪ್ಪತ್ತನೇ ದಿನ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, ನನಗೂ ಆ ಕಡೆ ಕೆಲಸ ಇದೆ, ಬಾ ಅಂತ ಹೊರಡಿಸಿದಳು. ಹೋಗಿ ನೋಡಿದರೆ ಬಳೆ ಹಿಡಿಯುವ ಟೆಕ್ನಿಷಿಯನ್ ರಜೆ. ಮೂವತ್ತನೇ ದಿನ ಮತ್ತೆ ಹೊರಡಿಸಿದಳು. ಅವತ್ತು ಕಂಪನಿಯ ಸರ್ವರ್ ಕೈಕೊಟ್ಟಿತ್ತು. ಎರಡು ಗಂಟೆ ಬೆಂಚಿನ ಮೇಲೆ ಕೂತು ವಾಪಸ್ಸು ಬಂದ ಅಕ್ಕ ರೇಗಿದಳು. ಸಣ್ಣಪುಟ್ಟದ್ದಕ್ಕೆಲ್ಲ ನನ್ನ ಪ್ರಾಣ ಯಾಕೆ ತಿಂತೀಯೇ, ಇನ್ನು ಪರೀಕ್ಷೆ ಮುಗಿಯೋವರೆಗೂ ಈ ಮಾತು ಎತ್ತಬೇಡ ಅಂದಳು. ಭೂಮಿಕಾ ಎತ್ತಲಿಲ್ಲ. ಏನಂತ ಹೇಳಿ ಎತ್ತುವುದು?

ನಲವತ್ತೊಂದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಾವಲು ಕೋಣೆಯ ಪರದೆಗಳೆಲ್ಲ ಒಂದರ ಹಿಂದೆ ಒಂದು ಕೆಂಪಾದವು. ಬೇರೆ ಬೇರೆ ದೇಶಗಳಿಂದ ಮೇಲ್ ಬರುತ್ತಿದ್ದವು, ಎಲ್ಲದರಲ್ಲೂ ಒಂದೇ ಸುದ್ದಿ. ಗುಟ್ಟು ಒಡೆದಿತ್ತು. ತಂಡದವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಕಳ್ಳರು ಯಂತ್ರ ಇಟ್ಟುಕೊಂಡಿದ್ದರು. ಅಡಿಗಲ್ಲಿಗೆ ಯಾವ ಸಾಲು ಸೇರಿದರೂ ಈ ಸಾಲು ನಿನ್ನೆ ಇರಲಿಲ್ಲ, ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಆ ಯಂತ್ರ ತಾನೇ ಕೇಳಿಕೊಂಡು, ತಾನೇ ಮಾಡಿ ನೋಡುತ್ತಿತ್ತು. ಟಿಪ್ಪಣಿಯನ್ನು ಅದು ಓದಿಯೇ ಇರಲಿಲ್ಲ. ಸಪ್ಪೆ ಬರೆದದ್ದು ಕಳ್ಳರಿಗೆ ತಟ್ಟಲೇ ಇಲ್ಲ. ತಟ್ಟಿದ್ದು ಅಕ್ಕನಿಗೆ.

ಗಿಲ್ಬರ್ಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ತೂತಿಗೆ ಬೀಗದ ಕೈ ಮಾಡಿ ಯಾರೋ ಒಂದು ಆಟದ ಆ್ಯಪ್ ಒಳಗೆ ಸೇರಿಸಿ ಬಿಟ್ಟಿದ್ದರು. ಫೋನು ಜೇಬಿನಲ್ಲಿ ಇದ್ದರೆ ಸಾಕು, ಹತ್ತಡಿಯೊಳಗೆ ಶ್ವಾಸಚಾಲಕ ಸಿಕ್ಕಿದರೆ ಅದು ತಾನೇ ನಮಸ್ಕಾರ ಹೇಳುತ್ತಿತ್ತು. ಫೋನಿನವನಿಗೆ ಗೊತ್ತೇ ಆಗುತ್ತಿರಲಿಲ್ಲ. ಯಾರ ಮೇಲೂ ದ್ವೇಷ ಇಲ್ಲ, ಯಾರನ್ನೂ ಹುಡುಕಿಕೊಂಡು ಹೊರಟದ್ದಲ್ಲ. ಆಗುತ್ತದಾ ನೋಡೋಣ ಅಂತ ಬಿಟ್ಟದ್ದು ಅಷ್ಟೇ. ಕಂಪನಿಗಳೆಲ್ಲ ಕೂಡಿ ಮಧ್ಯಾಹ್ನ ಮೂರಕ್ಕೆ ಒಟ್ಟಿಗೆ ಪ್ರಕಟಣೆ ಕೊಡುವುದೆಂದು ತೀರ್ಮಾನವಾಯಿತು. ಅರ್ಧಂಬರ್ಧ ಸುದ್ದಿ ಹೊರಗೆ ಹೋದರೆ ಜನ ಗಾಬರಿಬಿದ್ದು ಆಸ್ಪತ್ರೆಗಳಿಗೆ ನುಗ್ಗುತ್ತಾರೆ, ಅಲ್ಲಿಯವರೆಗೆ ಬಾಯಿ ಬಿಡಬೇಡಿ ಎಂದು ಗಿಲ್ಬರ್ಟ್ ಎಲ್ಲರಿಗೂ ಹೇಳಿದರು. ಭೂಮಿಕಾಳಿಗೆ ಮಾತ್ರ, ನೀನು ಹೋಗು, ಆದರೆ ಬಾಯಿ ಬಿಡಬೇಡ ಎಂದರು.

ಅವಳ ತಲೆಯಲ್ಲಿ ಇದ್ದದ್ದು ಒಂದೇ. ಹನ್ನೆರಡೂವರೆಗೆ ಅರವತ್ತು ಹುಡುಗರು ಊಟಕ್ಕೆ ಬರುತ್ತಾರೆ, ಅರವತ್ತು ಜೇಬಲ್ಲಿ ಅರವತ್ತು ಫೋನು. ಸ್ಕೂಟರ್ ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಹನ್ನೆರಡು ಹತ್ತಕ್ಕೆ ಮೆಸ್ಸಿಗೆ ಬಂದಾಗ ಅಕ್ಕ ಚಪಾತಿ ಲಟ್ಟಿಸುತ್ತಿದ್ದಳು. ಭೂಮಿಕಾ ಏನೂ ಹೇಳದೆ ಗ್ಯಾಸ್ ಆರಿಸಿ, ಅಕ್ಕನ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡಳು. ಅವಳ ಮುಖ ನೋಡಿದ ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಹಿಂದೆ ಬಂದಳು.

ಅವತ್ತು ಮಂಗಳವಾರ, ಕ್ಲಿನಿಕ್ಕು ತೆರೆದಿತ್ತು, ಆದರೆ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಮೊದಲೇ ಮುಟ್ಟಿದ್ದ ಕಂಪನಿ, ಇಂದೇ ಬಂದು ಸುಧಾರಣೆ ಹಾಕಿಸಿಕೊಳ್ಳಿ ಎಂದು ಬೆಳಗಾಗುತ್ತಲೇ ಎಲ್ಲರಿಗೂ ಸಂದೇಶ ಕಳಿಸಿತ್ತು, ಯಾಕೆಂದು ಹೇಳಿರಲಿಲ್ಲ. ಅಡಿಗೆಯ ಗಡಿಬಿಡಿಯಲ್ಲಿ ಅಕ್ಕ ಅದನ್ನು ನೋಡಿರಲಿಲ್ಲ. ಚಾಮರಾಜನಗರ, ಕೊಳ್ಳೇಗಾಲದಿಂದೆಲ್ಲ ಜನ ಬಂದಿದ್ದರು. ಇದ್ದದ್ದು ಎರಡು ಬಳೆ, ಒಬ್ಬರಿಗೆ ಎಂಟು ನಿಮಿಷ. ಅಕ್ಕನಿಗೆ ಸಿಕ್ಕಿದ ಟೋಕನ್ ತೊಂಬತ್ತೆರಡು, ನಡೆಯುತ್ತಿದ್ದದ್ದು ಮೂವತ್ತೊಂದು. ಇನ್ನು ನಾಲ್ಕು ಗಂಟೆ. ಭೂಮಿಕಾ ಮೇಲ್ವಿಚಾರಕನನ್ನು ಪಕ್ಕಕ್ಕೆ ಕರೆದು ಎಲ್ಲರ ಫೋನು ಬಂದ್ ಮಾಡಿಸಿ ಎಂದಳು. ಅವನು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದ. ಆದರೆ ಟೋಕನ್ ಸರದಿ ಬರುತ್ತಿದ್ದದ್ದೇ ಫೋನಿಗೆ. ಯಾರು ಬಂದ್ ಮಾಡುತ್ತಾರೆ?

ಅಕ್ಕನ ಪಕ್ಕದ ಕುರ್ಚಿಯಲ್ಲಿ ಮರಿಸ್ವಾಮಿ ಅಂತ ಒಬ್ಬರು ಹೆಂಡತಿ ರತ್ನಮ್ಮನ ಜೊತೆ ಕೂತಿದ್ದರು. ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ಈಗ ನಿವೃತ್ತರಾದವರು. ಅಷ್ಟರಲ್ಲೇ ಅಕ್ಕನಿಗೂ ಅವರಿಗೂ ಪರಿಚಯವಾಗಿ, ನಿಮ್ಮ ಬಾಡಿಗೆದಾರ ಹೇಗಿದ್ದಾನೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ನಗುತ್ತಿದ್ದರು. ಅವರ ಟೋಕನ್ ಐವತ್ತು. ಭೂಮಿಕಾ ಆ ಚೀಟಿಯನ್ನು ನೋಡಿದಳು. ಮತ್ತೆ ನೋಡಿದಳು. ಆಮೇಲೆ ಅವರ ಮುಂದೆ ಬಗ್ಗಿ, ಅಕ್ಕನ ಮೆಸ್ಸಿನಲ್ಲಿ ಹುಡುಗರು ಹಸಿದು ಕಾಯ್ತಿದ್ದಾರೆ, ಟೋಕನ್ ಬದಲಾಯಿಸಿಕೊಳ್ಳಬಹುದಾ ಸಾರ್ ಎಂದು ಕೇಳಿದಳು.

“ಅದಕ್ಕೇನವ್ವ, ತಗೋ,” ಎಂದರು ಮರಿಸ್ವಾಮಿ. “ಸಣ್ಣಪುಟ್ಟದ್ದು ತಾನೇ. ನಮಗೇನವಸರ?”

ಅದು ಅವಳೇ ಬರೆದ ಮಾತು. ಅವಳು ಚೀಟಿ ತೆಗೆದುಕೊಂಡಳು. ಅಕ್ಕನ ತೊಂಬತ್ತೆರಡನ್ನು ಅವರ ಕೈಯಲ್ಲಿಟ್ಟಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ಒಳಗಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಕೆಲಸ ಆಗಿತ್ತು. ಇನ್ನು ಯಾವ ಫೋನು ನಮಸ್ಕಾರ ಹೇಳಿದರೂ ಅಡಿಗಲ್ಲು ಮೊದಲು ಅಳೆದು ನೋಡುತ್ತಿತ್ತು. ಹೋಗೋಣ ನಡೀ ಎಂದು ಭೂಮಿಕಾ ಕರೆದರೆ ಅಕ್ಕ ಕೇಳಲಿಲ್ಲ. ಟೋಕನ್ ಕೊಟ್ಟ ಮನುಷ್ಯನಿಗೆ ಒಂದು ಮಾತು ಹೇಳದೆ ಹೋಗೋದಾ ಎಂದು ಮರಿಸ್ವಾಮಿಯ ಪಕ್ಕದಲ್ಲೇ ಕೂತು ರತ್ನಮ್ಮನಿಗೆ ಬಸ್ಸಾರು ಮಾಡುವ ರೀತಿ ಹೇಳತೊಡಗಿದಳು.

ಎರಡು ನಲವತ್ತಕ್ಕೆ ಮರಿಸ್ವಾಮಿ ಮಾತಿನ ನಡುವೆ ನಿಂತುಬಿಟ್ಟರು. ಒಮ್ಮೆ ಹೆಂಡತಿಯ ಕಡೆ ನೋಡಿದರು. ಅವರ ಕತ್ತಿನ ನರಗಳು ಹಗ್ಗದಂತೆ ಎದ್ದವು, ಭುಜ ಮೇಲಕ್ಕೆ ಹೋಯಿತು. ಅಲ್ಲಿ ಕಾಯುತ್ತಿದ್ದ ಎಲ್ಲರಿಗೂ ಅದೇನೆಂದು ಗೊತ್ತಿತ್ತು, ಅವರೆಲ್ಲ ಒಂದಲ್ಲ ಒಂದು ದಿನ ಹಾಗೆ ಉಸಿರೆಳೆದವರೇ. ನರ್ಸ್ ಓಡಿ ಬಂದು ಬಾಯಿಗೆ ಗಾಳಿಚೀಲ ಹಿಡಿದಳು. ಬಳೆ ತಂದು ಇಟ್ಟರು, ಚಾಲಕ ಉತ್ತರ ಕೊಡಲಿಲ್ಲ. ಆಂಬುಲೆನ್ಸ್ ಬರಲು ಹದಿನೇಳು ನಿಮಿಷ ಹಿಡಿಯಿತು, ಚೀಲದ ಗಾಳಿ ಅರ್ಧಕ್ಕರ್ಧ ಪಕ್ಕದಿಂದ ಸೋರಿಹೋಗುತ್ತಿತ್ತು. ಚೀಲ ಒತ್ತಿ ಒತ್ತಿ ನರ್ಸಿನ ಕೈ ಸೋತಾಗ ಭೂಮಿಕಾ ಒತ್ತಿದಳು, ಅವಳ ಕೈ ಸೋತಾಗ ವಾರಿಜಕ್ಕ ಒತ್ತಿದಳು. ಸುತ್ತ ನಿಂತವರ ಯಾವ ಜೇಬಿನ ಫೋನು ಎಂದು ಯಾರಿಗೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವರನ್ನು ಎತ್ತಿಕೊಂಡು ಹೋದ ಮೇಲೆ ಮೂರು ಹೊಡೆಯಿತು. ಅಲ್ಲಿದ್ದ ಎಲ್ಲರ ಫೋನಿಗೂ ಒಟ್ಟಿಗೆ ಪ್ರಕಟಣೆ ಬಂತು.

ಅಕ್ಕ ನಿಂತುಕೊಂಡೇ ಅದನ್ನು ಓದಿದಳು. ನಿಧಾನಕ್ಕೆ, ಬೆರಳಿಟ್ಟುಕೊಂಡು ಓದಿದಳು. ತೂತು ಪತ್ತೆಯಾದ ತಾರೀಖು ಅದರಲ್ಲಿತ್ತು.

“ನಿನಗೆ ಗೊತ್ತಿತ್ತಾ ಭೂಮಿ?”

“ಗೊತ್ತಿತ್ತು.”

“ಅವತ್ತು ಒಗ್ಗರಣೆ ಹಾಕ್ತಾ ಕೇಳಿದೆನಲ್ಲ, ಆವಾಗ?”

“ಆವಾಗ್ಲೂ ಗೊತ್ತಿತ್ತು ಅಕ್ಕ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವರ ಟೋಕನ್ ಇಸ್ಕೊಂಡಾಗ?” ಎಂದಳು.

ಭೂಮಿಕಾ ಆಟೋ ಕರೆಯಲು ಹೊರಗೆ ನಡೆದಳು. ಆಟೋದಲ್ಲಿ ಮನೆಗೆ ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತ ಕೂತಿದ್ದರು.

ಮರಿಸ್ವಾಮಿ ಸಾಯಲಿಲ್ಲ, ಬದುಕಿದರು ಅಂತಲೂ ಹೇಳುವ ಹಾಗಿಲ್ಲ. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ ಯಂತ್ರದ ಉಸಿರಿನಲ್ಲಿ ಮಲಗಿದ್ದಾರೆ, ಕಣ್ಣು ತೆರೆಯುತ್ತಾರೆ, ಗುರುತು ಹಿಡಿಯುವುದಿಲ್ಲ. ರಾಜ್ಯದಲ್ಲಿ ಆ ದಿನ ಅಂಥವರು ಇಪ್ಪತ್ಮೂರು ಜನ. ವಾರಿಜಕ್ಕ ದಿನಾ ಮಧ್ಯಾಹ್ನ ರತ್ನಮ್ಮನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಾಳೆ. ಭೂಮಿಕಾ ಮೆಸ್ಸಿನಲ್ಲಿ ಉಣ್ಣುವುದನ್ನು ಬಿಟ್ಟಳು. ಒಂದು ದಿನ ಆಸ್ಪತ್ರೆಗೆ ಹೋಗಿದ್ದಾಗ, ನಿಮ್ಮಕ್ಕ ದೇವರಂಥವಳು ಕಣವ್ವ ಎಂದು ರತ್ನಮ್ಮ ಅವಳ ಕೈ ಹಿಡಿದುಕೊಂಡಳು. ಎಲ್ಲ ಹೇಳಿಬಿಡಬೇಕು ಅಂತಲೇ ಹೋದವಳು ಏನನ್ನೂ ಹೇಳಲಾಗದೆ ಬಂದಳು.

ತಂಡದಲ್ಲಿ ಮೂರು ದಿನ ಚರ್ಚೆಯಾಯಿತು. ಈ ಸಪ್ಪೆ ಬರೆಯುವ ಪದ್ಧತಿಯೇ ಬೇಡ, ಇದ್ದದ್ದನ್ನು ಇದ್ದ ಹಾಗೆ ಬರೆಯೋಣ ಎಂದು ಭೂಮಿಕಾ ಮೇಜು ಕುಟ್ಟಿ ಹೇಳಿದಳು. ಗಿಲ್ಬರ್ಟ್ ಸಿಟ್ಟಾಗಲಿಲ್ಲ. ಅವರ ಕಣ್ಣೂ ನಿದ್ದೆ ಕಂಡಿರಲಿಲ್ಲ. “ಬಿಡಿಸಿ ಬರೆದ್ರೆ ಮೊದಲನೇ ದಿನ ಸಾಯ್ತಾರೆ, ಮುಚ್ಚಿ ಬರೆದ್ರೆ ನಲವತ್ತೊಂದನೇ ದಿನ,” ಎಂದರು. “ನಡುವಿನ ನಲವತ್ತು ದಿನದಲ್ಲಿ ಎಂಟು ಸಾವಿರ ಜನ ಹಾಕಿಸಿಕೊಂಡ್ರಲ್ಲ, ಅವರನ್ನ ಏನು ಮಾಡಲಿ? ಮೂರನೇ ದಾರಿ ಗೊತ್ತಿದ್ರೆ ಹೇಳಮ್ಮ, ನಿನ್ನ ಕಾಲು ಹಿಡ್ಕೋತೀನಿ.” ಯಾರಿಗೂ ಗೊತ್ತಿರಲಿಲ್ಲ. ಪದ್ಧತಿ ಹಾಗೇ ಉಳಿಯಿತು.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಅಕ್ಕ ಫೋನ್ ಮಾಡುತ್ತಾಳೆ. ತಿಂಡಿ ಆಯಿತಾ, ನಿನ್ನ ಮಂಡಿ ನೋವು ಹೇಗಿದೆ ಎಂದೆಲ್ಲ ವಿಚಾರಿಸಿ ಕೊನೆಯಲ್ಲಿ ಏನಾದ್ರೂ ಇದೆಯಾ ಎನ್ನುತ್ತಾಳೆ. ಅಂಥದ್ದೇನಿಲ್ಲ ಎನ್ನುತ್ತಾಳೆ ಭೂಮಿಕಾ. ಐದು ತಿಂಗಳು ಅದು ನಿಜವೇ ಆಗಿತ್ತು. ಅಕ್ಕ ನಂಬಿದಳೋ ಇಲ್ಲವೋ, ಹ್ಞೂಂ ಎಂದು ಫೋನ್ ಇಡುತ್ತಿದ್ದಳು.

ಈ ಸೋಮವಾರ ಫೋನ್ ಬಂದಾಗ ಭೂಮಿಕಾಳ ಪರದೆಯ ಮೇಲೆ ಹೊಸ ಮೇಲ್ ತೆರೆದಿತ್ತು. ಬೇರೆ ತೂತು, ಅದೇ ಚಾಲಕ. ಪರೀಕ್ಷೆಯ ಯಂತ್ರದಲ್ಲಿ ಹದಿನಾಲ್ಕು ಇದ್ದದ್ದು ಆಗಲೇ ಸೊನ್ನೆಯಾಗಿತ್ತು. ತಿದ್ದುವ ಸಾಲು ಸಿದ್ಧವಿತ್ತು, ಟಿಪ್ಪಣಿಯ ಜಾಗ ಖಾಲಿ ಇತ್ತು. ಗಿಲ್ಬರ್ಟ್ ಹಿಂದೆ ನಿಂತು ಕಾಯುತ್ತಿದ್ದರು.

ಅಕ್ಕ ತಿಂಡಿ ಆಯಿತಾ ಎಂದು ಕೇಳಿದಳು, ಮಂಡಿ ನೋವು ವಿಚಾರಿಸಿದಳು. ಆಮೇಲೆ, “ಏನಾದ್ರೂ ಇದೆಯೇನೇ?” ಎಂದಳು.

ಭೂಮಿಕಾ ಬಾಯಿ ತೆರೆದಳು. ಅಂಥದ್ದೇನಿಲ್ಲ ಎನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ, ಇದೆ ಎನ್ನುವುದಕ್ಕೂ ಹೊರಳಲಿಲ್ಲ. ಆ ಕಡೆ ಕುಕ್ಕರ್ ಕೂಗಿ ನಿಂತಿತು. ಅಕ್ಕನ ಉಸಿರು ಕೇಳಿಸುತ್ತಿತ್ತು, ಒಂದೇ ಸಮನೆ.

“ಸರಿ ಬಿಡು,” ಎಂದಳು ಅಕ್ಕ. “ಮೆಸೇಜು ಬಂದ ದಿನವೇ ಹೋಗ್ತೀನಿ. ಸರದಿ ಎಷ್ಟು ಉದ್ದ ಇದ್ರೂ ಕೂತಿರ್ತೀನಿ. ಈ ಸಲ ಮಾತ್ರ ಯಾರ ಟೋಕನ್ನೂ ಕೇಳ್ಬೇಡ ಕಣೇ.”

ಫೋನ್ ಇಟ್ಟ ಮೇಲೆ ಭೂಮಿಕಾ ಟಿಪ್ಪಣಿ ಬರೆದಳು. ಸಪ್ಪೆಯಾಗಿಯೇ ಬರೆದಳು.